ಕಿಲ್ಟ್ ಯಾರ ಬಳಿ ಇದೆ, ಯಾರು ಉಡುತ್ತಾರೆ: ಸಮೀಕ್ಷೆಯ ಪ್ರಶ್ನಾವಳಿ ಸಿದ್ಧಪಡಿಸುವ ಬಗೆ

ಸ್ಕಾಟ್ಲೆಂಡಿಗೆ ಓದಲು ಹೋದ ನಮ್ಮ ಹುಡುಗ ಹುಡುಗಿಯರಿಂದ ಒಂದೇ ಬಗೆಯ ಪತ್ರ ಮತ್ತೆ ಮತ್ತೆ ಬರುತ್ತದೆ. ಪದವಿಯ ಪ್ರಬಂಧಕ್ಕೆ ಚಿಕ್ಕದೊಂದು ಸಮೀಕ್ಷೆ ಮಾಡಬೇಕು, ವಿಷಯ ಕಿಲ್ಟ್ (ಸ್ಕಾಟ್ಲೆಂಡಿನವರು ಸೊಂಟಕ್ಕೆ ಸುತ್ತಿ ಉಡುವ ನೆರಿಗೆಯ ಉಡುಪು), ಪ್ರಶ್ನೆಗಳನ್ನು ಒಮ್ಮೆ ನೋಡಿಕೊಡಿ ಎಂದು. ಜೊತೆಗೆ ಬರುವ ಪ್ರಶ್ನಾವಳಿಯೂ ಹೆಚ್ಚುಕಡಿಮೆ ಒಂದೇ. ಮೊದಲನೆಯದು ‘ನಿಮ್ಮ ಬಳಿ ಕಿಲ್ಟ್ ಇದೆಯೇ?’ ಎರಡನೆಯದು ‘ಎಷ್ಟು ಸಲ ಉಡುತ್ತೀರಿ?’, ಉತ್ತರಕ್ಕೆ ಯಾವಾಗಲೂ, ಆಗಾಗ, ಅಪರೂಪಕ್ಕೆ, ಇಲ್ಲವೇ ಇಲ್ಲ ಎಂಬ ನಾಲ್ಕು ಚೌಕಗಳು. ಮೂರನೆಯದು ‘ನಿಮ್ಮ ಕುಲದ ಟಾರ್ಟನ್ ಯಾವುದು?’ (ಟಾರ್ಟನ್ ಎಂದರೆ ಕಿಲ್ಟಿನ ಬಟ್ಟೆಯ ಬಣ್ಣದ ಚೌಕಳಿ ವಿನ್ಯಾಸ.) ಈ ಮೂರೂ ಪ್ರಶ್ನೆಗಳು ಕೆಲಸಕ್ಕೆ ಬಾರವು. ಏಕೆಂದು ಒಬ್ಬೊಬ್ಬರಿಗೂ ಬೇರೆಯಾಗಿ ಬರೆದು ಸಾಕಾಗಿದೆ, ಆದ್ದರಿಂದ ಈ ಲೇಖನ.

ಸಮೀಕ್ಷೆ ಎಂದ ಕೂಡಲೇ ಎಲ್ಲರೂ ಸಂಖ್ಯಾಶಾಸ್ತ್ರಕ್ಕೆ ಹೆದರುತ್ತಾರೆ. ಲೆಕ್ಕ ತಪ್ಪಿದರೆ ಮತ್ತೊಮ್ಮೆ ಕೂಡಿಸಬಹುದು. ‘ಇದೆ’, ‘ಉಡುತ್ತೇನೆ’ ಎಂಬ ಎರಡು ಸಾದಾ ಮಾತುಗಳನ್ನು ಬಿಗಿಯಾಗಿ ಹಿಡಿಯದೆ ಕೇಳಿಬಿಟ್ಟರೆ ಮಾತ್ರ ತಿದ್ದಲು ಏನೂ ಉಳಿದಿರುವುದಿಲ್ಲ.

ಬೇಕಾಗುವುದು ಇಷ್ಟು: ಪ್ರಶ್ನೆ ಬರೆದು ತಿದ್ದಲು ಎರಡು ಮೂರು ವಾರ, ಉತ್ತರಕ್ಕೆ ತಕ್ಕಂತೆ ಮುಂದಿನ ಪ್ರಶ್ನೆ ಬದಲಿಸಬಲ್ಲ ಆನ್‌ಲೈನ್ ಫಾರ್ಮ್, ಪ್ರಯೋಗಕ್ಕೆ ಸಿಗುವ ಏಳೆಂಟು ಜನ, ಅವರಲ್ಲಿ ಇಬ್ಬರಾದರೂ ಕಿಲ್ಟ್ ಉಡುವವರು, ವಿದ್ಯಾರ್ಥಿಯಾಗಿದ್ದರೆ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ. ಒಪ್ಪಿಗೆಗೆ ಮೊದಲು ಒಂದು ಉತ್ತರವನ್ನೂ ಸಂಗ್ರಹಿಸಬೇಡಿ. ಆಮೇಲೆ ಪಡೆದುಕೊಂಡರಾಯಿತು ಎಂದವರು ಇಡೀ ದತ್ತಾಂಶವನ್ನು ಕೈಬಿಡಬೇಕಾಗಿ ಬರುತ್ತದೆ.

ಅಂತಿಮ ಪ್ರಶ್ನಾವಳಿ ಇಂಗ್ಲಿಷಿನಲ್ಲಿ ಇರುತ್ತದೆ, ನಿಜ. ಇಲ್ಲಿ ಪ್ರಶ್ನೆಗಳನ್ನು ಕನ್ನಡದಲ್ಲಿ ಕೊಟ್ಟಿರುವುದು ಯೋಚನೆಗೆ. ಇಂಗ್ಲಿಷಿಗೆ ತಂದ ಮೇಲೆ ಒಬ್ಬ ಸ್ಕಾಟಿಷ್ ಗೆಳೆಯನಿಂದ ಜೋರಾಗಿ ಓದಿಸಿ.

1. ತಿಳಿಯಬೇಕಾದದ್ದನ್ನು ಒಂದು ವಾಕ್ಯದಲ್ಲಿ ಬರೆಯಿರಿ

‘ಕಿಲ್ಟ್ ಬಗ್ಗೆ ಜನರ ಅಭಿಪ್ರಾಯ’ ಎಂಬುದು ವಿಷಯವಲ್ಲ, ಶೀರ್ಷಿಕೆ. ‘ನಮ್ಮ ವಿಶ್ವವಿದ್ಯಾಲಯದ ಸ್ಕಾಟಿಷ್ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಸ್ವಂತ ಕಿಲ್ಟ್ ಇದೆ, ಕಳೆದ 12 ತಿಂಗಳಲ್ಲಿ ಯಾವ ಸಂದರ್ಭಗಳಲ್ಲಿ ಉಟ್ಟಿದ್ದಾರೆ’ ಎಂಬುದು ವಿಷಯ. ಆ ವಾಕ್ಯವನ್ನು ಮೇಜಿನ ಮುಂದೆ ಅಂಟಿಸಿಕೊಳ್ಳಿ. ಪ್ರತಿ ಪ್ರಶ್ನೆ ಬರೆದಾಗಲೂ ಇದರ ಉತ್ತರದಿಂದ ವರದಿಯಲ್ಲಿ ಯಾವ ಸಾಲು ಬರೆಯುತ್ತೇನೆ ಎಂದು ಕೇಳಿಕೊಳ್ಳಿ. ಸಾಲು ಹೊಳೆಯದಿದ್ದರೆ ಪ್ರಶ್ನೆಯನ್ನು ಹೊಡೆದುಹಾಕಿ.

2. ಕಿಲ್ಟ್ ಎಂದರೆ ಯಾವುದು ಎಂದು ತೀರ್ಮಾನಿಸಿ

ಸಾಂಪ್ರದಾಯಿಕ ಕಿಲ್ಟ್ ಎಂದರೆ ಸುಮಾರು ಎಂಟು ಗಜ ಉಣ್ಣೆಬಟ್ಟೆ. ಹಿಂದೆ ನೆರಿಗೆ, ಮುಂದೆ ಒಂದರ ಮೇಲೊಂದು ಬರುವ ಎರಡು ಸಪಾಟು ಸೆರಗು, ಬಿಗಿಯಲು ಪಟ್ಟಿ ಮತ್ತು ಬಕಲ್. ಸೊಂಟಕ್ಕಿಂತ ಮೇಲೆ, ಹೊಕ್ಕುಳಿನ ಮಟ್ಟದಲ್ಲಿ ಕಟ್ಟಿ ಮಂಡಿಯ ಹತ್ತಿರ ಮುಗಿಯುತ್ತದೆ. ಇದನ್ನು ಕೈಯಲ್ಲಿ ಹೊಲಿಸಲು ಕೆಲವು ನೂರು ಪೌಂಡ್ ಬೇಕು. ಅದೇ ಊರಿನ ಪ್ರವಾಸಿ ಅಂಗಡಿಯಲ್ಲಿ ಪಾಲಿಯೆಸ್ಟರ್ ಮಿಶ್ರಿತ ಬಟ್ಟೆಯದು ಅದರ ಒಂದು ಚೂರು ಬೆಲೆಗೆ ಸಿಗುತ್ತದೆ. ಟಾರ್ಟನ್ನೇ ಇಲ್ಲದ, ದಪ್ಪ ಹತ್ತಿಬಟ್ಟೆಯ, ದೊಡ್ಡ ಜೇಬುಗಳ ‘ಯುಟಿಲಿಟಿ ಕಿಲ್ಟ್’ ಇನ್ನೊಂದು. ಹೆಂಗಸರ ನೆರಿಗೆಯ ಸ್ಕರ್ಟು ಮತ್ತೊಂದು. ಆದರೆ ಹೈಲ್ಯಾಂಡ್ (ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆ) ನೃತ್ಯದ ಹುಡುಗಿಯರೂ ಬ್ಯಾಗ್‌ಪೈಪ್ ವಾದ್ಯ ನುಡಿಸುವ ಪೈಪ್ ಬ್ಯಾಂಡಿನ ಮಹಿಳೆಯರೂ ಉಡುವುದು ಕಿಲ್ಟನ್ನೇ. ಕಿಲ್ಟ್ ಗಂಡಸರ ಉಡುಪು ಎಂದುಕೊಂಡು ಮೊದಲ ಪುಟದಲ್ಲೇ ಹೆಂಗಸರನ್ನು ಹೊರಗೆ ಕಳಿಸಿದರೆ ಇವರೆಲ್ಲ ಲೆಕ್ಕದಿಂದ ತಪ್ಪಿಹೋಗುತ್ತಾರೆ.

ಇವುಗಳಲ್ಲಿ ಯಾವುದನ್ನು ಎಣಿಸುತ್ತೀರಿ ಎಂಬುದು ನಿಮ್ಮ ಆಯ್ಕೆ. ಎಲ್ಲವನ್ನೂ ಎಣಿಸಿದರೂ ತಪ್ಪಲ್ಲ, ಉಣ್ಣೆಯದನ್ನು ಮಾತ್ರ ಎಣಿಸಿದರೂ ತಪ್ಪಲ್ಲ. ಹೇಳದೆ ಬಿಡುವುದು ತಪ್ಪು.

ಈ ಪಾಠವನ್ನು ನಾನು ಕಲಿತದ್ದು ಕಿಲ್ಟಿನಿಂದಲ್ಲ, ಪಂಚೆಯಿಂದ. ಹಿಂದೊಮ್ಮೆ ಉಡುಪಿನ ಬಗ್ಗೆ ‘ಮನೆಯಲ್ಲಿ ಪಂಚೆ ಉಡುತ್ತೀರಾ?’ ಎಂದು ಬರೆದುಕೊಂಡು ಹೋಗಿದ್ದೆ. ಚೌಕಳಿ ಲುಂಗಿಯಲ್ಲಿ ಜಗಲಿಯ ಮೇಲೆ ಕುಳಿತಿದ್ದ ಯಜಮಾನರು ‘ಹೌದು, ದಿನವೂ’ ಎಂದರು. ಪಕ್ಕದ ಮನೆಯಲ್ಲಿ ಅಂಥದೇ ಲುಂಗಿಯಲ್ಲಿದ್ದವರು ‘ಪಂಚೆಯೇ? ಮದುವೆಗೆ ಮಾತ್ರ’ ಎಂದರು. ಇಬ್ಬರೂ ನಿಜ ಹೇಳಿದ್ದರು. ನನ್ನ ಪ್ರಶ್ನೆ ಹಾಳಾಗಿತ್ತು.

ಪರಿಹಾರ ಸುಲಭ. ಉದ್ದದ ವ್ಯಾಖ್ಯೆ ಬರೆಯಬೇಡಿ, ಯಾರೂ ಓದುವುದಿಲ್ಲ. ನಾಲ್ಕು ಉಡುಪುಗಳ ಸರಳ ರೇಖಾಚಿತ್ರ ಹಾಕಿ ‘ಇವುಗಳಲ್ಲಿ ನಿಮ್ಮ ಬಳಿ ಯಾವುವು ಇವೆ? ಇರುವುದನ್ನೆಲ್ಲ ಗುರುತಿಸಿ’ ಎಂದು ಕೇಳಿ. ಕೊನೆಯಲ್ಲಿ ‘ಯಾವುದೂ ಇಲ್ಲ’ ಎಂಬ ಆಯ್ಕೆ ಇರಲಿ. ಫೋಟೊ ಬೇಡ, ಫೋಟೊದಲ್ಲಿರುವ ಆಳಿನ ಮೈಕಟ್ಟು, ಹಿಂದಿನ ಕೋಟೆ ಎಲ್ಲವೂ ಉತ್ತರದಲ್ಲಿ ಕೈಯಾಡಿಸುತ್ತವೆ.

ಪದಗಳ ಬಗ್ಗೆ ಎರಡು ಎಚ್ಚರಿಕೆ. ಎಲ್ಲಿಯೂ ಕಿಲ್ಟನ್ನು ಸ್ಕರ್ಟ್ ಎಂದು ಕರೆಯಬೇಡಿ, ಅರ್ಧ ಜನ ಅಲ್ಲಿಗೇ ಫಾರ್ಮ್ ಮುಚ್ಚುತ್ತಾರೆ. ಚೌಕಳಿ ವಿನ್ಯಾಸಕ್ಕೆ ‘ಪ್ಲೇಡ್’ ಎಂಬ ಪದವೂ ಬೇಡ: ಅಮೆರಿಕದಲ್ಲಿ ಅದು ವಿನ್ಯಾಸದ ಹೆಸರು, ಸ್ಕಾಟ್ಲೆಂಡಿನಲ್ಲಿ ಹೆಗಲ ಮೇಲೆ ಹೊದೆಯುವ ಬಟ್ಟೆ. ‘ಟಾರ್ಟನ್’ ಎಂದರೆ ಎರಡೂ ಕಡೆ ನಡೆಯುತ್ತದೆ.

3. ‘ಇದೆ’ ಎಂಬುದನ್ನು ಬಿಡಿಸಿ ಕೇಳಿ

ಸ್ಕಾಟ್ಲೆಂಡಿನಲ್ಲಿ ಮದುವೆಗೆ ಕಿಲ್ಟನ್ನು ಬಾಡಿಗೆಗೆ ತರುವುದು ತೀರ ಸಾಮಾನ್ಯ. ವರ, ಅವನ ಗೆಳೆಯರು, ಎರಡೂ ಕಡೆಯ ತಂದೆಯರು ಒಂದೇ ಅಂಗಡಿಯಿಂದ ಕೋಟು, ಸ್ಪೊರನ್ (ಸೊಂಟದ ಮುಂದೆ ತೂಗುವ ಚರ್ಮದ ಚೀಲ), ಕಾಲುಚೀಲ ಎಲ್ಲ ಸೇರಿಸಿ ತಂದು, ಉಟ್ಟು, ಸೋಮವಾರ ಹಿಂತಿರುಗಿಸುತ್ತಾರೆ. ಮರುವಾರ ಅವನನ್ನು ಕೇಳಿದರೆ ಆ ಫೋಟೊ ತೋರಿಸಿ ‘ನನ್ನ ಕಿಲ್ಟ್’ ಎನ್ನುತ್ತಾನೆ. ಪೈಪ್ ಬ್ಯಾಂಡಿನಲ್ಲಿ ನುಡಿಸುವವನ ಬೀರುವಿನಲ್ಲಿ ಕಿಲ್ಟ್ ವರ್ಷಪೂರ್ತಿ ತೂಗುತ್ತಿರುತ್ತದೆ, ಅದು ಬ್ಯಾಂಡಿನ ಸ್ವತ್ತು. ಅಜ್ಜನ ಕಿಲ್ಟ್ ಅಮ್ಮನ ಮನೆಯ ಅಟ್ಟದ ಪೆಟ್ಟಿಗೆಯಲ್ಲಿದೆ, ಅದು ಯಾರದು?

ಆದ್ದರಿಂದ ಪ್ರಶ್ನೆ ಹೀಗಿರಲಿ: ‘ನೀವು ಕೊನೆಯ ಸಲ ಉಟ್ಟ ಕಿಲ್ಟ್ ನಿಮಗೆ ಹೇಗೆ ಬಂದದ್ದು?’ ಆಯ್ಕೆಗಳು: ಹೊಸದಾಗಿ ಕೊಂಡದ್ದು, ಹಳೆಯದನ್ನು ಕೊಂಡದ್ದು, ಉಡುಗೊರೆ, ಮನೆತನದಿಂದ ಬಂದದ್ದು, ಬಾಡಿಗೆ, ಇನ್ನೊಬ್ಬರಿಂದ ಎರವಲು, ಬ್ಯಾಂಡ್ ಅಥವಾ ಸೇನೆ ಅಥವಾ ಉದ್ಯೋಗದಾತರು ಕೊಟ್ಟದ್ದು, ಇತರೆ, ಎಂದೂ ಉಟ್ಟಿಲ್ಲ. ಸ್ವಂತದವು ಎಷ್ಟು ಎಂದು ಬೇರೆ ಪ್ರಶ್ನೆಯಲ್ಲಿ ಅಂಕಿಯಾಗಿ ಕೇಳಿ.

ನನಗೆ ಬಲು ಇಷ್ಟವಾದ ಇನ್ನೊಂದು ಪ್ರಶ್ನೆಯನ್ನು ಯಾರೂ ಸೇರಿಸುವುದಿಲ್ಲ: ಅದು ಇಂದು ನಿಮ್ಮ ಅಳತೆಗೆ ಸರಿಹೊಂದುತ್ತದೆಯೇ? ಇಪ್ಪತ್ತೊಂದನೆಯ ಹುಟ್ಟುಹಬ್ಬಕ್ಕೆ ಹೊಲಿಸಿದ ಕಿಲ್ಟ್ ನಲವತ್ತೈದರಲ್ಲಿ ಬೀರುವಿನಲ್ಲಿ ಇದೆ ನಿಜ, ಬಕಲ್ ಕೊನೆಯ ತೂತಿಗೂ ಮುಟ್ಟುವುದಿಲ್ಲ. ಒಡೆತನದ ಲೆಕ್ಕದಲ್ಲಿ ಆತ ಕಿಲ್ಟ್ ಇರುವವನು. ಉಡುವ ಲೆಕ್ಕದಲ್ಲಿ ಮದುವೆಗೆ ಬಾಡಿಗೆ ಅಂಗಡಿಯ ಮುಂದೆ ನಿಲ್ಲುವವನು. ಆಯ್ಕೆಗಳು ನಾಲ್ಕು ಸಾಕು: ಸರಿಹೊಂದುತ್ತದೆ, ಬಕಲ್ ಜಾಗ ಬದಲಿಸಿ ಹೊಲಿಸಿದರೆ ಸರಿಹೊಂದುತ್ತದೆ, ಸರಿಹೊಂದುವುದಿಲ್ಲ, ಈಚೆಗೆ ಉಟ್ಟು ನೋಡಿಲ್ಲ. ನಾಲ್ಕನೆಯದನ್ನು ಬಿಡಬೇಡಿ. ಅದಿಲ್ಲದಿದ್ದರೆ ಜನ ಮರ್ಯಾದೆಗಾಗಿ ಮೊದಲನೆಯದನ್ನು ಒತ್ತುತ್ತಾರೆ.

4. ರೂಢಿಯನ್ನು ಕೇಳಬೇಡಿ, ಕೊನೆಯ ಸಲವನ್ನು ಕೇಳಿ

‘ಆಗಾಗ’ ಎಂದರೆ ಎಷ್ಟು? ಬ್ಯಾಂಡಿನವನಿಗೆ ವಾರಕ್ಕೊಮ್ಮೆ, ಬ್ಯಾಂಕಿನ ಗುಮಾಸ್ತನಿಗೆ ವರ್ಷಕ್ಕೆರಡು ಮದುವೆ. ಇಬ್ಬರೂ ಒಂದೇ ಚೌಕ ಒತ್ತುತ್ತಾರೆ. ಇಂಥ ಅಳತೆಯಿಲ್ಲದ ಪದಗಳನ್ನು ತೆಗೆದು ಎರಡು ಪ್ರಶ್ನೆ ಹಾಕಿ: ‘ಕಳೆದ 12 ತಿಂಗಳಲ್ಲಿ ಎಷ್ಟು ದಿನ ಕಿಲ್ಟ್ ಉಟ್ಟಿದ್ದೀರಿ?’ (ಅಂಕಿ), ‘ಕೊನೆಯ ಸಲ ಉಟ್ಟದ್ದು ಯಾವ ಸಂದರ್ಭಕ್ಕೆ?’ (ಪಟ್ಟಿ).

ಹನ್ನೆರಡು ತಿಂಗಳು ಏಕೆ? ಕಿಲ್ಟಿಗೂ ಕಾಲಮಾನವಿದೆ. ಡಿಸೆಂಬರ್ 31ರ ಹಾಗ್ಮನೇ (ವರ್ಷದ ಕೊನೆಯ ರಾತ್ರಿಯ ಹಬ್ಬ), ಜನವರಿ 25ರ ಬರ್ನ್ಸ್ ರಾತ್ರಿ (ಕವಿ ರಾಬರ್ಟ್ ಬರ್ನ್ಸ್ ನೆನಪಿನ ಊಟ), ಬೇಸಿಗೆಯ ಮದುವೆಗಳು ಮತ್ತು ಹೈಲ್ಯಾಂಡ್ ಕ್ರೀಡಾಕೂಟಗಳು, ಸೆಪ್ಟೆಂಬರಿನ ಮೊದಲ ಶನಿವಾರದ ಬ್ರೇಮಾರ್ ಕೂಟ, ನವೆಂಬರ್ 30ರ ಸೇಂಟ್ ಆಂಡ್ರ್ಯೂ ದಿನ. ಫೆಬ್ರುವರಿಯಲ್ಲಿ ‘ಕಳೆದ ತಿಂಗಳು’ ಎಂದು ಕೇಳಿದವರಿಗೆ ಒಂದು ಉತ್ತರ, ಏಪ್ರಿಲ್‌ನಲ್ಲಿ ಕೇಳಿದವರಿಗೆ ಇನ್ನೊಂದು. ನಮ್ಮಲ್ಲಿ ದೀಪಾವಳಿಯ ಮರುವಾರ ‘ಈಚೆಗೆ ಹೊಸ ಬಟ್ಟೆ ಕೊಂಡಿರಾ?’ ಎಂದು ಕೇಳಿದ ಹಾಗೆ.

ವರ್ಷವಿಡೀ ನೆನಪಿಸಿಕೊಳ್ಳುವಾಗ ಇನ್ನೊಂದು ತೊಡಕು ಇದೆ. ಹದಿನಾರು ತಿಂಗಳ ಹಿಂದಿನ ಅಣ್ಣನ ಮದುವೆ ಮನಸ್ಸಿಗೆ ‘ಹೋದ ವರ್ಷ’ ಎಂದೇ ಅನಿಸುತ್ತದೆ. ದೂರದ್ದನ್ನು ನೆನಪು ಹತ್ತಿರಕ್ಕೆ ಎಳೆದುಕೊಳ್ಳುವ ಈ ಗುಣಕ್ಕೆ ಸಮೀಕ್ಷೆಯವರು ‘ಟೆಲಿಸ್ಕೋಪಿಂಗ್’ ಎನ್ನುತ್ತಾರೆ. ಅದಕ್ಕೆ ಗೂಟ ಹೊಡೆಯುವ ಉಪಾಯವೆಂದರೆ ತಿಂಗಳನ್ನು ಹೆಸರಿಸುವುದು: ‘ಹೋದ ಮಾರ್ಚ್‌ನಿಂದ ಈ ಫೆಬ್ರುವರಿಯ ಕೊನೆಯವರೆಗೆ’.

ಸಂದರ್ಭಗಳ ಪಟ್ಟಿಯಲ್ಲಿ ಮದುವೆ, ಪದವಿ ಪ್ರದಾನ, ಹಬ್ಬದ ಊಟ, ಕೇಲಿ (ಹಾಡು ಕುಣಿತದ ಕೂಟ), ರಗ್ಬಿ ಅಥವಾ ಫುಟ್‌ಬಾಲ್ ಪಂದ್ಯ, ಶವಸಂಸ್ಕಾರ, ಸಾದಾ ದಿನ, ಕೆಲಸದ ಸಮವಸ್ತ್ರ ಇವಿಷ್ಟೂ ಇರಲಿ. ಕೊನೆಯದು ಮುಖ್ಯ. ಸೈನಿಕ, ಪೈಪರ್, ಹೋಟೆಲಿನ ಬಾಗಿಲಲ್ಲಿ ನಿಲ್ಲುವವನು, ಪ್ರವಾಸಿಗಳಿಗೆ ಊರು ತೋರಿಸುವವನು, ಇವರೆಲ್ಲ ಕೂಲಿಗೆ ಉಡುತ್ತಾರೆ. ಆ ದಿನಗಳನ್ನು ಬೇರೆಯಾಗಿ ಕೇಳದಿದ್ದರೆ ‘ಸ್ವಂತ ಇಷ್ಟದಿಂದ ಉಡುವವರು’ ಎಂಬ ನಿಮ್ಮ ಅಧ್ಯಾಯ ಕುಸಿದುಬೀಳುತ್ತದೆ.

ಇನ್ನು ‘ನಿಮ್ಮ ಕುಲದ ಟಾರ್ಟನ್ ಯಾವುದು?’ ಇದು ಉತ್ತರಿಸುವವನಿಗೆ ಒಂದು ಕುಲವಿದೆ, ಕುಲಕ್ಕೊಂದು ಟಾರ್ಟನ್ ಇದೆ, ಅವನು ಉಡುವುದೂ ಅದನ್ನೇ ಎಂದು ಮೂರು ಸಂಗತಿಗಳನ್ನು ಮೊದಲೇ ಒಪ್ಪಿಸಿಬಿಡುತ್ತದೆ. ಹೈಲ್ಯಾಂಡಿನ ಉಡುಪನ್ನು 1746ರ ಕಾಯ್ದೆ ನಿಷೇಧಿಸಿತ್ತು, 1782ರಲ್ಲಿ ನಿಷೇಧ ತೆರವಾಯಿತು. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೊಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಏರ್ಪಡಿಸಿದ ಸಂಭ್ರಮದಲ್ಲಿ ಟಾರ್ಟನ್ ಇಡೀ ಸ್ಕಾಟ್ಲೆಂಡಿನ ಗುರುತಾಗಿ ಮೆರೆಯಿತು. ಕುಲಕ್ಕೊಂದು ನಿಗದಿತ ಟಾರ್ಟನ್ ಎಂಬ ಪಟ್ಟಿಗಳು ಬಹುಪಾಲು ಬೆಳೆದದ್ದು ಆ ಸುಮಾರಿಗೇ. ಸ್ಕಾಟ್ಲೆಂಡಿನ ದಕ್ಷಿಣದ ಬಯಲು ಸೀಮೆಯ ಎಷ್ಟೋ ಮನೆಗಳಿಗೆ ಇದು ತಮ್ಮ ಅಜ್ಜಂದಿರ ಉಡುಪೇ ಅಲ್ಲ. ಹೀಗಾಗಿ ‘ನೀವು ಉಟ್ಟ ಟಾರ್ಟನ್ನಿನ ಹೆಸರು ಗೊತ್ತಿದ್ದರೆ ಬರೆಯಿರಿ’ ಎಂದು ಖಾಲಿ ಜಾಗ ಬಿಡಿ. ಪಟ್ಟಿ ಕೊಡಲು ಹೋಗಬೇಡಿ. 2009ರಲ್ಲಿ ಆರಂಭವಾದ ಸ್ಕಾಟ್ಲೆಂಡಿನ ಅಧಿಕೃತ ಟಾರ್ಟನ್ ನೋಂದಣಿಯಲ್ಲಿ ಸಾವಿರಾರು ಇವೆ. ಆರಿಸಿದ ಕಾರಣವನ್ನು ಮುಂದಿನ ಪ್ರಶ್ನೆಯಲ್ಲಿ ಕೇಳಿ: ಮನೆತನದ ಹೆಸರು, ಊರು, ತಂಡ, ಬಣ್ಣ ಹಿಡಿಸಿತು, ಬಾಡಿಗೆ ಅಂಗಡಿಯಲ್ಲಿ ಅದೇ ಇತ್ತು. ಕೊನೆಯದನ್ನು ಒತ್ತುವವರು ಕಡಿಮೆಯಿರಲಾರರು.

5. ಯಾರನ್ನು ಕೇಳುತ್ತೀರಿ?

ಹೆಚ್ಚಿನವರು ಮಾಡುವುದು ಹೀಗೆ: ಕಿಲ್ಟ್ ಅಭಿಮಾನಿಗಳ ಗುಂಪಿನಲ್ಲಿ ಫಾರ್ಮ್ ಹಾಕುತ್ತಾರೆ, ಎರಡು ದಿನದಲ್ಲಿ ನಾನೂರು ಉತ್ತರ ಬಂದು ಬೀಳುತ್ತವೆ, ‘ಶೇಕಡಾ ತೊಂಬತ್ತು ಜನರ ಬಳಿ ಕಿಲ್ಟ್ ಇದೆ’ ಎಂದು ಬರೆಯುತ್ತಾರೆ. ಧರ್ಮಸ್ಥಳದ ಅನ್ನಛತ್ರದ ಸಾಲಿನಲ್ಲಿ ನಿಂತು ‘ನೀವು ದೇವರನ್ನು ನಂಬುತ್ತೀರಾ?’ ಎಂದು ಕೇಳಿದ ಹಾಗಾಯಿತು.

ಉತ್ತರಗಳ ರಾಶಿ ಈ ದೋಷವನ್ನು ಮುಚ್ಚುವುದಿಲ್ಲ. 1936ರ ಅಧ್ಯಕ್ಷ ಚುನಾವಣೆಗೆ ಮುನ್ನ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಅಂಚೆಯಲ್ಲಿ ಮತಚೀಟಿ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ವಾಪಸ್ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಸಾರಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಚೀಟಿ ಕಳಿಸಿದ ವಿಳಾಸಪಟ್ಟಿಯೂ ಓರೆಯಾಗಿತ್ತು, ಚೀಟಿ ತುಂಬಿ ಹಿಂತಿರುಗಿಸಿದವರೂ ಒಂದು ಕಡೆಗೆ ವಾಲಿದ್ದರು.

ಸ್ಕಾಟ್ಲೆಂಡಿನಲ್ಲಿ 2022ರ ಜನಗಣತಿಯಂತೆ ಸುಮಾರು 54 ಲಕ್ಷ ಜನರಿದ್ದಾರೆ. ಅವರೆಲ್ಲರ ಪರವಾಗಿ ಮಾತಾಡಬೇಕಾದರೆ ಅಂಚೆ ವಿಳಾಸಗಳ ಪೂರ್ಣ ಪಟ್ಟಿಯಿಂದ ಚೀಟಿ ಎತ್ತಿದಂತೆ ಮನೆಗಳನ್ನು ಆರಿಸಿ ಬಾಗಿಲು ತಟ್ಟಬೇಕು. ಅಲ್ಲಿನ ಸರ್ಕಾರದ ಸ್ಕಾಟಿಷ್ ಹೌಸ್‌ಹೋಲ್ಡ್ ಸರ್ವೆ ಆ ದಾರಿಯದು. ನಿಮ್ಮ ಕೈಯಲ್ಲಿ ಆಗದು. ಹಣವಿದ್ದರೆ ಸಮೀಕ್ಷಾ ಕಂಪನಿಗಳು ನೋಂದಾಯಿಸಿಟ್ಟುಕೊಂಡ ಜನರ ತಂಡದಿಂದ ವಯಸ್ಸು, ಲಿಂಗ, ಪ್ರದೇಶದ ಪ್ರಮಾಣ ನೋಡಿ ಉತ್ತರ ಪಡೆಯಬಹುದು. ಇಲ್ಲದಿದ್ದರೆ ನನ್ನ ಸಲಹೆ ಒಂದೇ: ಹರವನ್ನು ಕುಗ್ಗಿಸಿ. ಒಂದು ವಿಭಾಗದ ವಿದ್ಯಾರ್ಥಿಗಳು, ಒಂದು ಕಚೇರಿಯ ನೌಕರರು, ಹೀಗೆ ಪೂರ್ಣ ಪಟ್ಟಿ ಸಿಗುವ ಗುಂಪನ್ನು ಹಿಡಿದು, ಉತ್ತರಿಸದವರನ್ನು ಎರಡು ಸಲ ನೆನಪಿಸಿ. ನೂರರಲ್ಲಿ ಎಪ್ಪತ್ತು ಮಂದಿ ಉತ್ತರಿಸಿದ ಚಿಕ್ಕ ಗುಂಪು, ಎಲ್ಲಿಂದ ಬಂದರೆಂದೇ ತಿಳಿಯದ ಎರಡು ಸಾವಿರಕ್ಕಿಂತ ಮೇಲು.

ಬೀದಿಯಲ್ಲಿ ನಿಂತು ಕೇಳುವವರು ಜಾಗ ನೋಡಿಕೊಳ್ಳಿ. ಎಡಿನ್‌ಬರೊದ ರಾಯಲ್ ಮೈಲ್‌ನಲ್ಲಿ ಪ್ರವಾಸಿಗಳು, ಪಂದ್ಯದ ದಿನ ಮರ್ರಿಫೀಲ್ಡ್ ಕ್ರೀಡಾಂಗಣದ ಮುಂದೆ ಕಿಲ್ಟಿನವರ ಜಾತ್ರೆ. ಎರಡೂ ಬೇಡ.

ಆಹ್ವಾನದ ಸಾಲಿನಲ್ಲಿ ‘ಕಿಲ್ಟ್ ಸಮೀಕ್ಷೆ’ ಎಂದು ಬರೆದರೆ ಕಿಲ್ಟ್ ಇಲ್ಲದವನು ‘ಇದು ನನಗಲ್ಲ’ ಎಂದು ದಾಟಿಹೋಗುತ್ತಾನೆ. ‘ವಿಶೇಷ ದಿನಗಳ ಉಡುಪಿನ ಬಗ್ಗೆ ಐದು ನಿಮಿಷ’ ಎಂದು ಬರೆಯಿರಿ. ಒಳಗಿನ ಒಪ್ಪಿಗೆ ಪುಟದಲ್ಲಿ ಕಿಲ್ಟಿನ ವಿಷಯ ಸ್ಪಷ್ಟವಾಗಿರಲಿ.

6. ಕ್ರಮ ಮತ್ತು ಜಿಗಿತ

ಸುಲಭದ್ದು ಮೊದಲು, ವಯಸ್ಸು ಊರು ಕೊನೆಗೆ. ಕಿಲ್ಟ್ ಎಂದೂ ಉಡದವರನ್ನು ಟಾರ್ಟನ್ ಪ್ರಶ್ನೆಗಳ ಮೇಲಿಂದ ದಾಟಿಸಿ. ಫಾರ್ಮಿನ ಈ ಸೌಲಭ್ಯಕ್ಕೆ ‘ಸ್ಕಿಪ್ ಲಾಜಿಕ್’ ಎನ್ನುತ್ತಾರೆ. ಆದರೆ ಅವರನ್ನು ನೇರವಾಗಿ ‘ಧನ್ಯವಾದ’ ಪುಟಕ್ಕೆ ಕಳಿಸಬೇಡಿ. ಏಕೆ ಉಡುವುದಿಲ್ಲ ಎಂದು ಕೇಳಿ: ಬೆಲೆ, ಸಂದರ್ಭ ಬರಲಿಲ್ಲ, ಸಂಕೋಚ, ನನ್ನ ಉಡುಪಲ್ಲ ಅನಿಸುತ್ತದೆ. ‘ಕಿಲ್ಟ್ ಆರಾಮದಾಯಕ ಮತ್ತು ಚಂದ ಎಂದು ಒಪ್ಪುತ್ತೀರಾ?’ ಎಂಬಂಥ ಜೋಡಿ ಪ್ರಶ್ನೆ ಬೇಡ. ಚಂದ ಆದರೆ ಚುಚ್ಚುತ್ತದೆ ಎನ್ನುವವನು ಎಲ್ಲಿ ಒತ್ತಬೇಕು? ಒಟ್ಟು ಇಪ್ಪತ್ತು ಪ್ರಶ್ನೆ ಮೀರದಿರಲಿ.

7. ಆ ಪ್ರಶ್ನೆ

ಒಳಗೆ ಏನು ಹಾಕಿಕೊಳ್ಳುತ್ತೀರಿ ಎಂಬುದನ್ನು ಕೇಳಬೇಕೆ? ನಾನಾದರೆ ಕೇಳುವುದಿಲ್ಲ. ಕಿಲ್ಟ್ ಉಡುವವರು ಈ ಪ್ರಶ್ನೆಗೆ ತಮಾಷೆಯ ಉತ್ತರಗಳನ್ನು ತಲೆತಲಾಂತರದಿಂದ ರೂಢಿಸಿಕೊಂಡಿದ್ದಾರೆ, ನಿಮ್ಮ ಫಾರ್ಮಿಗೂ ಅವೇ ಬರುತ್ತವೆ. ಅಲ್ಲದೆ ಅಪರಿಚಿತರು ಇದನ್ನು ಕೇಳುವುದು, ಕೆಲವೊಮ್ಮೆ ಎತ್ತಿ ನೋಡಲು ಬರುವುದು, ಮದುವೆಮನೆಯ ಪರಿಚಾರಕನಿಗೂ ಬ್ಯಾಂಡಿನವನಿಗೂ ನಗುವ ವಿಷಯವಲ್ಲ. ಸಂಶೋಧನೆಗೆ ನಿಜಕ್ಕೂ ಬೇಕಿದ್ದರೆ ಕಟ್ಟಕಡೆಗೆ ಇಡಿ, ‘ಹೇಳಲು ಇಷ್ಟವಿಲ್ಲ’ ಎಂಬ ಆಯ್ಕೆ ಕೊಡಿ. ಅದಕ್ಕಿಂತ ಉಪಯುಕ್ತವಾದದ್ದು ಇದು: ‘ಕಿಲ್ಟ್ ಉಟ್ಟಾಗ ಯಾರಾದರೂ ಒಪ್ಪಿಗೆಯಿಲ್ಲದೆ ಮುಟ್ಟಿದ್ದು, ಎತ್ತಲು ಯತ್ನಿಸಿದ್ದು ಉಂಟೇ?’ ಇದನ್ನೂ ಬಿಡುವ ಸ್ವಾತಂತ್ರ್ಯವಿರಲಿ, ಕೆಳಗೆ ನೆರವಿನ ಮಾಹಿತಿ ಇರಲಿ.

8. ಗುರುತು ಬಿಟ್ಟುಕೊಡಬೇಡಿ

ಹೆಸರು ಕೇಳದಿದ್ದರೆ ಸಾಕೆಂದು ತಿಳಿಯಬೇಡಿ. ಅಪರೂಪದ ಟಾರ್ಟನ್, ಪುಟ್ಟ ದ್ವೀಪದ ಪಿನ್‌ಕೋಡು, ಪೈಪ್ ಬ್ಯಾಂಡು, ವಯಸ್ಸು 63: ಈ ನಾಲ್ಕು ಸೇರಿದರೆ ಆ ದ್ವೀಪದವರಿಗೆ ಆಳು ಯಾರೆಂದು ಗೊತ್ತಾಗುತ್ತದೆ. ವಯಸ್ಸನ್ನು ಹತ್ತು ವರ್ಷಗಳ ಗುಂಪಿನಲ್ಲಿ ಕೇಳಿ, ಊರಿನ ಬದಲು 32 ಸ್ಥಳೀಯ ಆಡಳಿತ ಪ್ರದೇಶಗಳಲ್ಲಿ ಒಂದನ್ನು ಕೇಳಿ. ಜನಾಂಗ, ಧರ್ಮ ಬ್ರಿಟನ್ನಿನ ದತ್ತಾಂಶ ಕಾನೂನಿನಲ್ಲಿ ವಿಶೇಷ ರಕ್ಷಣೆಯ ಮಾಹಿತಿ. ಮೊದಲ ಹಂತದ ವಾಕ್ಯಕ್ಕೆ ಬೇಕಿಲ್ಲದಿದ್ದರೆ ಮುಟ್ಟಬೇಡಿ. ಬಹುಮಾನದ ಚೀಟಿಗೆ ಇಮೇಲ್ ಬೇಕಾದರೆ ಬೇರೆಯೇ ಫಾರ್ಮಿನಲ್ಲಿ ಪಡೆಯಿರಿ.

9. ಏಳೆಂಟು ಜನರ ಮೇಲೆ ಪ್ರಯೋಗ

ಲಿಂಕ್ ಕಳಿಸಿ ‘ಹೇಗಿದೆ?’ ಎಂದರೆ ಎಲ್ಲರೂ ‘ಚೆನ್ನಾಗಿದೆ’ ಎನ್ನುತ್ತಾರೆ. ಎದುರು ಕೂರಿಸಿಕೊಂಡು, ಪ್ರಶ್ನೆ ಓದುತ್ತಾ ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳಲು ಹೇಳಿ. ಬೆರಳು ಎಲ್ಲಿ ತಡೆಯುತ್ತದೆ, ಎಲ್ಲಿ ಹಿಂದಿನ ಪುಟಕ್ಕೆ ಹೋಗುತ್ತಾರೆ ಗುರುತಿಸಿ. ‘ಎಷ್ಟು ದಿನ?’ ಎಂಬುದಕ್ಕೆ ಯಾರಾದರೂ ‘ಮದುವೆ ಶನಿವಾರ ಶುರುವಾಗಿ ಮುಗಿದಾಗ ಭಾನುವಾರ, ಇದು ಒಂದೋ ಎರಡೋ?’ ಎಂದು ಕೇಳಿದರೆ ಸಂತೋಷಪಡಿ. ಆ ಸಂಶಯ ಎಲ್ಲರಿಗೂ ಬರುತ್ತಿತ್ತು, ಕೇಳುವವರು ಮಾತ್ರ ಇರುತ್ತಿರಲಿಲ್ಲ.

10. ಲೆಕ್ಕ ಮತ್ತು ವರದಿ

ಹತ್ತು ಜನರಲ್ಲಿ ಒಂಬತ್ತು ಮಂದಿ ವರ್ಷಕ್ಕೊಂದು ದಿನ, ಒಬ್ಬ ಪೈಪರ್ 51 ದಿನ ಉಟ್ಟರೆ ಸರಾಸರಿ 6 ದಿನ. ಆರು ದಿನ ಉಟ್ಟವನು ಆ ಹತ್ತರಲ್ಲಿ ಒಬ್ಬನೂ ಇಲ್ಲ. ಇಂಥಲ್ಲಿ ಮಧ್ಯಾಂಕ ಕೊಡಿ, ಅಂದರೆ ಉತ್ತರಗಳನ್ನು ಸಾಲಾಗಿ ನಿಲ್ಲಿಸಿದಾಗ ನಟ್ಟನಡುವಿನದು. ಇಲ್ಲಿ ಅದು 1. ಸಮವಸ್ತ್ರದವರನ್ನು ಬೇರೆ ಕೋಷ್ಟಕದಲ್ಲಿಡಿ.

ಚೀಟಿ ಎತ್ತಿದಂತೆ ಆರಿಸಿದ 400 ಜನರಾದರೆ ಶೇಕಡಾವಾರು ಉತ್ತರ ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ಹೆಚ್ಚೆಂದರೆ 5 ಅಂಶ ಆಚೀಚೆ ಇರಬಹುದು, 1000 ಜನರಾದರೆ ಸುಮಾರು 3. ಆ 400ರಲ್ಲಿ ಕಿಲ್ಟ್ ಇರುವವರು ನೂರೇ ಇದ್ದರೆ, ಅವರ ಬಗ್ಗೆ ಹೇಳುವ ಮಾತಿಗೆ ಆಚೀಚೆ 10 ಅಂಶ. ತಾವಾಗಿ ಬಂದು ಫಾರ್ಮ್ ತುಂಬಿದವರಿಗೆ ಈ ಲೆಕ್ಕ ಅನ್ವಯಿಸುವುದೇ ಇಲ್ಲ. ಅಲ್ಲಿ ದೋಷದ ಅಂತರ (ಈ ಆಚೀಚೆಯ ಅಂಕಿ) ಬರೆಯಬೇಡಿ, ‘ಉತ್ತರಿಸಿದವರಲ್ಲಿ’ ಎಂದಷ್ಟೇ ಬರೆಯಿರಿ. ಹೆಂಗಸರು ಕಡಿಮೆ ಬಂದಿದ್ದರೆ ಜನಗಣತಿಯ ಪ್ರಮಾಣಕ್ಕೆ ಸರಿಯಾಗಿ ಅವರ ಉತ್ತರಕ್ಕೆ ತೂಕ ಹೆಚ್ಚಿಸಬಹುದು. ಅದು ಸಂಖ್ಯೆಯನ್ನು ಸರಿದೂಗಿಸುತ್ತದೆ, ಕಿಲ್ಟ್ ಹುಚ್ಚಿನವರೇ ಬಂದಿದ್ದರೆ ಅದನ್ನು ಸರಿಪಡಿಸುವುದಿಲ್ಲ.

ವರದಿಯ ಕೊನೆಗೆ ರೇಖಾಚಿತ್ರಗಳ ಸಮೇತ ಇಡೀ ಪ್ರಶ್ನಾವಳಿಯನ್ನು ಸೇರಿಸಿ, ಎಷ್ಟು ಜನರನ್ನು ಕೇಳಿ ಎಷ್ಟು ಉತ್ತರ ಬಂತೆಂದು ಬರೆಯಿರಿ. ಒಪ್ಪಿಗೆ ಪುಟದಲ್ಲಿ ಹೇಳಿದ ದಿನಾಂಕಕ್ಕೆ ಇಮೇಲ್ ಪಟ್ಟಿಯನ್ನು ಅಳಿಸಿ. ಫೋನಿನ ಕ್ಯಾಲೆಂಡರಿನಲ್ಲಿ ಆ ದಿನವನ್ನು ಇಂದೇ ಗುರುತು ಹಾಕಿಕೊಳ್ಳಿ.